ಪುರುಷ ಹಾರ್ಮೋನಿನ ಕೊರತೆ ಮತ್ತು ಅದರ ಚಿಕಿತ್ಸೆ

ಗಂಡು ಕರುವಿನ ಬೀಜ ಒಡೆಸಿದರೆ ಅದು ಹೋರಿಯಾಗದೆ ಎತ್ತಾಗುವುದೆಂಬುದು ನಮ್ಮ ಒಕ್ಕಲಿಗರು ಬಹು ಹಿಂದಿನಿಂದ ಬಲ್ಲ ಸಂಗತಿ. ಹೋರಿಯ ಕೊಬ್ಬಿದ ಹಿಣಿಲು, ದಪ್ಪನಾದ ಕೊರಳು, ಹಟಮಾರಿತನ ಇವು ಎತ್ತಿಗೆ ಬರುವುದಿಲ್ಲ. ವೃಷಣಗಳಿಗೂ ಗಂಡುತನಕ್ಕೂ ಇರುವ ಈ ಸಂಬಂಧ ಎಲ್ಲರಿಗೂ ಗೊತ್ತಿದ್ದರೂ ಅದು ಯಾವ ಮಾರ್ಗದಿಂದ ನಡೆಯುತ್ತದೆಂಬುದು ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಬಗೆಹರಿದಿರಲಿಲ್ಲ. ಇಂದು ಆ ಮಾರ್ಗ ತಿಳಿದಿದೆ. ವೃಷಣಗಳು ಸ್ರವಿಸುವ ದ್ರವ್ಯದ ರಚನೆ ತಿಳಿದಿದೆ. ಅದನ್ನು ಕಾರ್ಖಾನೆಯಲ್ಲಿ ತಯಾರಿಸಿ ಸೂಜಿಮದ್ದಾಗಿಯೂ ಲೇಪವಾಗಿಯೂ ಕೊಡುವುದು ಸಾಧ್ಯವಾಗಿದೆ.

ಕೊರತೆಯಿರುವವನಿಗೆ ಕೊರತೆಯಾದ ವಸ್ತುವನ್ನು ಒದಗಿಸಿದರೆ ಕೆಲಸ ಮುಗಿಯಿತೆಂದು ಮೇಲುನೋಟಕ್ಕೆ ತೋರಬಹುದು. ಹಾಗಲ್ಲವೆಂಬುದನ್ನು ವಿವರಿಸುವುದೇ ನಮ್ಮ ಉದ್ದೇಶ. ಹೊರಗಿನಿಂದ ಕೊಟ್ಟ ಹಾರ್ಮೋನು ಒಳಗಿನ ಉತ್ಪತ್ತಿಯೊಡನೆ ಕೂಡಿಕೊಳ್ಳುವುದಿಲ್ಲ. ಅದನ್ನು ನಿಲ್ಲಿಸಿ ತಾನು ಆ ಸ್ಥಾನದಲ್ಲಿ ಕೂಡುವುದು. ಈ ಒಂದು ಮಾತಿನಿಂದಲೇ ಚಿಕಿತ್ಸೆಯ ಎಲ್ಲ ನಿಯಮಗಳೂ ಹೊರಡುತ್ತವೆ. ಇದನ್ನು ಮರೆತು ನಡೆದವರಿಗೆ ಆಗತಕ್ಕ ನಷ್ಟವೂ ಸಣ್ಣದಲ್ಲ.

ಪೂರ್ವೇತಿಹಾಸ

ವೃಷಣಗಳ ಸತ್ತ್ವದಿಂದ ಪುರುಷನಿಗೆ ಬಲ ಬರುವುದೆಂಬ ನಂಬಿಕೆ ಪ್ರಾಚೀನವಾದುದು. ಸುಶ್ರುತಸಂಹಿತೆಯ ವಾಜೀಕರಣ ಪ್ರಕರಣದಲ್ಲಿ ಆಡಿನ ವೃಷಣಗಳ ಪ್ರಯೋಗ ಹೇಳಲ್ಪಟ್ಟಿದೆ. ಆದರೆ ನಂಬಿಕೆ ಬೇರೆ, ಪ್ರಮಾಣ ಬೇರೆ. ಮೊದಲ ಪ್ರಮಾಣವನ್ನು ಒದಗಿಸಿದವನು ಜರ್ಮನಿಯ ಗಟ್ಟಿಂಗೆನ್ ನಗರದ ಬರ್ತೋಲ್ಡ್. ೧೮೪೯ರಲ್ಲಿ ಆತನು ಆರು ಎಳೆಯ ಹುಂಜಗಳನ್ನು ತೆಗೆದುಕೊಂಡು ಪ್ರಯೋಗ ನಡೆಸಿದನು. ವೃಷಣಗಳನ್ನು ಪೂರ್ತಿಯಾಗಿ ಕಳೆದುಕೊಂಡ ಹುಂಜಗಳ ಜುಟ್ಟು ಸೊರಗಿತು. ಅವು ಕೂಗಲಿಲ್ಲ, ಕಾದಾಡಲಿಲ್ಲ. ವೃಷಣವನ್ನು ಅದರ ಸ್ಥಾನದಿಂದ ಬಿಡಿಸಿ ಉದರದೊಳಗೆ ನೆಟ್ಟ ಹುಂಜಗಳಾದರೋ ಎಂದಿನಂತೆಯೇ ಬೆಳೆದುವು. ನೆಟ್ಟ ವೃಷಣಕ್ಕೆ ಹಳೆಯ ನರಸಂಬಂಧ ಇರಲಿಲ್ಲವಾದುದರಿಂದ ಅದರ ಪ್ರಭಾವ ರಕ್ತದ ಮೂಲಕವೇ ದೇಹಕ್ಕೆ ಹರಡಿರಬೇಕೆಂದು ಬರ್ತೋಲ್ಡ್ ನಿರ್ಣಯಿಸಿದನು.

ನಲವತ್ತು ವರ್ಷಗಳ ತರುವಾಯ, ೧೮೮೯ರಲ್ಲಿ, ಬ್ರೌನ್-ಸೇಕಾರ್ ಎಂಬ ಪ್ರಸಿದ್ಧ ಶರೀರಶಾಸ್ತ್ರಜ್ಞನು ತನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನಾಯಿ ಮತ್ತು ಗಿನಿಯಿಲಿಗಳ ವೃಷಣರಸವನ್ನು ತನಗೇ ಚುಚ್ಚಿಕೊಂಡು, ಯೌವನದ ಬಲ ಮರಳಿತೆಂದು ಪ್ಯಾರಿಸ್ಸಿನ ವಿದ್ವತ್ಸಭೆಯ ಮುಂದೆ ಹೇಳಿದನು. ಈ ಹಾರ್ಮೋನು ನೀರಿನಲ್ಲಿ ಹೆಚ್ಚಾಗಿ ಕರಗುವುದಿಲ್ಲ. ವೃಷಣಗಳು ಅದನ್ನು ಕೂಡಿಡುವುದೂ ಇಲ್ಲ. ಆದುದರಿಂದ ಆತನ ರಸದಲ್ಲಿ ಪರಿಣಾಮವನ್ನುಂಟುಮಾಡುವಷ್ಟು ಹಾರ್ಮೋನು ಇದ್ದಿರಲಾರದೆಂಬುದು ಈಗ ಸ್ಪಷ್ಟ. ಆತನು ಕಂಡದ್ದು ನಂಬಿಕೆಯ ಫಲ. ಈ ಕಥೆಯನ್ನು ನಾವು ಪರಿಹಾಸಕ್ಕಾಗಿ ಹೇಳುತ್ತಿಲ್ಲ. ಆಯಾಸ, ಉತ್ಸಾಹ, ಬಲ ಮುಂತಾದ ಅನುಭವಗಳು ನಂಬಿಕೆಗೆ ಎಷ್ಟು ಬೇಗ ಮಣಿಯುವುವೆಂಬುದಕ್ಕೆ ಇದು ಉತ್ತಮ ನಿದರ್ಶನ. ಮುಂದೆ ಈ ಎಚ್ಚರಿಕೆ ನಮಗೆ ಬೇಕಾಗುವುದು.

೧೯೩೧ರಲ್ಲಿ ಬುಟೆನಾಂಟ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ಸಾವಿರಾರು ಲೀಟರು ಪುರುಷಮೂತ್ರವನ್ನು ಶೋಧಿಸಿ ಕೆಲವು ಮಿಲಿಗ್ರಾಮುಗಳಷ್ಟು ಆಂಡ್ರೊಸ್ಟೆರೋನನ್ನು ಪಡೆದನು. ೧೯೩೫ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಲಾಕರ್ ಎಂಬಾತನ ತಂಡದವರು ಸುಮಾರು ನೂರು ಕಿಲೋಗ್ರಾಂ ಹೋರಿಯ ವೃಷಣಗಳಿಂದ ಹತ್ತು ಮಿಲಿಗ್ರಾಂ ಶುದ್ಧ ಹಾರ್ಮೋನನ್ನು ಬೇರ್ಪಡಿಸಿ ಅದಕ್ಕೆ ಟೆಸ್ಟೊಸ್ಟೆರೋನ್ ಎಂದು ಹೆಸರಿಟ್ಟರು. ಅದೇ ವರ್ಷ ಬುಟೆನಾಂಟನೂ, ಸ್ವಿಟ್ಜರ್ಲೆಂಡಿನ ರುಜಿಚ್ಕನೂ ಪ್ರತ್ಯೇಕವಾಗಿ ಇದನ್ನು ಕೊಲೆಸ್ಟೆರಾಲಿನಿಂದ ತಯಾರಿಸುವ ದಾರಿಯನ್ನು ಕಂಡುಹಿಡಿದರು. ಇವರಿಬ್ಬರಿಗೂ ೧೯೩೯ರ ನೊಬೆಲ್ ಪಾರಿತೋಷಕ ದೊರೆಯಿತು.

ಹಾರ್ಮೋನಿನ ಹತೋಟಿ

ವಯಸ್ಕ ಪುರುಷನ ವೃಷಣಗಳು ದಿನಕ್ಕೆ ಸುಮಾರು ೫ರಿಂದ ೭ ಮಿಲಿಗ್ರಾಂ ಟೆಸ್ಟೊಸ್ಟೆರೋನನ್ನು ತಯಾರಿಸುತ್ತವೆ. ಈ ಕಾರ್ಯ ಲೈಡಿಗ್ ಕೋಶಗಳೆಂಬ ಜೀವಕೋಶಗಳದು. ಅವುಗಳ ನೆರೆಯಲ್ಲೇ ಇರುವ ಸೂಕ್ಷ್ಮನಾಳಗಳಲ್ಲಿ ವೀರ್ಯಾಣುಗಳು ಬೆಳೆಯುತ್ತವೆ. ಈ ಎರಡು ಕೆಲಸಗಳಿಗೂ ಅಪ್ಪಣೆ ಬರುವುದು ಮಿದುಳಿನ ತಳದಲ್ಲಿರುವ ಪಿಟ್ಯೂಟರಿ ಗ್ರಂಥಿಯಿಂದ. ಅದು ಎಲ್.ಎಚ್. ಎಂಬ ಹಾರ್ಮೋನಿನಿಂದ ಲೈಡಿಗ್ ಕೋಶಗಳನ್ನೂ, ಎಫ್.ಎಸ್.ಎಚ್. ಎಂಬ ಹಾರ್ಮೋನಿನಿಂದ ವೀರ್ಯಾಣುಗಳ ನಾಳಗಳನ್ನೂ ಪ್ರಚೋದಿಸುವುದು. ಪಿಟ್ಯೂಟರಿಯ ಮೇಲೆ ಹೈಪೋಥಲಾಮಸ್ ಎಂಬ ಮಿದುಳಿನ ಭಾಗದ ಅಧಿಕಾರವುಂಟು. ಅದು ಒಂದೆರಡು ಗಂಟೆಗೊಮ್ಮೆ ತನ್ನ ಚೋದಕದ್ರವ್ಯವನ್ನು ಅಲೆಅಲೆಯಾಗಿ ಕಳುಹಿಸುತ್ತಿರುವುದು. ರಕ್ತದಲ್ಲಿ ಟೆಸ್ಟೊಸ್ಟೆರೋನ್ ಸಾಕಷ್ಟಾದೊಡನೆ ಹೈಪೋಥಲಾಮಸ್ಸೂ ಪಿಟ್ಯೂಟರಿಯೂ ತಮ್ಮ ಅಪ್ಪಣೆಗಳನ್ನು ಕಡಮೆ ಮಾಡುತ್ತವೆ. ಅದು ಇಳಿದರೆ ಹೆಚ್ಚಿಸುತ್ತವೆ.

ಇದನ್ನು ನಮ್ಮ ಕೆರೆಯ ನೀರಾವರಿಗೆ ಹೋಲಿಸಬಹುದು. ತೂಬಿನ ಬಳಿ ನೀರಗಂಟಿಯಿರುವನು. ಗದ್ದೆ ಒಣಗಿದರೆ ತೂಬನ್ನೆತ್ತುವನು, ತುಂಬಿದರೆ ಇಳಿಸುವನು. ಕಾಲುವೆಯ ಎರಡು ದಡಗಳಲ್ಲಿಯೂ ಬಾಳೆ ಅಡಕೆಗಳ ತೋಟವಿದೆಯೆಂದು ಭಾವಿಸೋಣ. ಅದು ಗದ್ದೆಯ ನೀರಿನಿಂದಲ್ಲ, ಕಾಲುವೆಯಲ್ಲಿ ತುಂಬಿ ಹರಿಯುವ ನೀರಿನಿಂದ ಬದುಕತಕ್ಕದ್ದು. ಈಗ ಯಾರೋ ಬೇರೊಂದು ಬಾವಿಯಿಂದ ಗದ್ದೆಗೆ ನೀರು ಹಾಯಿಸಿದರೆ ಏನಾಗುವುದು? ನೀರು ಎಲ್ಲಿಂದ ಬಂದಿತೆಂಬುದನ್ನು ನೀರಗಂಟಿ ಅರಿಯನು. ಗದ್ದೆ ತುಂಬಿದೆಯೆಂದು ತೂಬನ್ನು ಮುಚ್ಚಿಬಿಡುವನು. ಗದ್ದೆಯ ಪೈರು ಹಸುರಾಗಿರುವುದು, ಆದರೆ ದಡದ ತೋಟ ಒಣಗುವುದು.

ವೃಷಣದೊಳಗಣ ಟೆಸ್ಟೊಸ್ಟೆರೋನಿನ ಸಾಂದ್ರತೆ ರಕ್ತದಲ್ಲಿರುವುದಕ್ಕಿಂತ ಹತ್ತಾರು ಮಡಿ ಹೆಚ್ಚು; ವೀರ್ಯಾಣುಗಳ ಬೆಳವಣಿಗೆಗೆ ಈ ಹೆಚ್ಚಿನ ಸಾಂದ್ರತೆ ಬೇಕು. ಸೂಜಿಯಿಂದಲೋ ಲೇಪದಿಂದಲೋ ರಕ್ತಕ್ಕೆ ಹಾರ್ಮೋನನ್ನು ಸೇರಿಸಿದಾಗ ಪಿಟ್ಯೂಟರಿ ಸುಮ್ಮನಾಗುವುದು, ವೃಷಣದೊಳಗಣ ಪ್ರಮಾಣ ಕುಸಿಯುವುದು. ಗಡ್ಡ, ಸ್ನಾಯು, ಕಾಮಾಸಕ್ತಿ ಇವು ನೆಟ್ಟಗಿರುತ್ತವೆ. ವೀರ್ಯಾಣುಗಳು ಮಾತ್ರ ಕ್ಷೀಣಿಸಿ ಹಲವರಲ್ಲಿ ಪೂರ್ಣವಾಗಿ ಇಲ್ಲವಾಗುತ್ತವೆ, ವೃಷಣಗಳೂ ಕಿರಿದಾಗುತ್ತವೆ.

ಕೊರತೆಯ ಬಗೆಗಳು

ಕೊರತೆಯ ಮೂಲ ವೃಷಣದಲ್ಲಿರಬಹುದು, ಅಥವಾ ಅದಕ್ಕೆ ಅಪ್ಪಣೆ ಕೊಡುವ ಸ್ಥಾನದಲ್ಲಿರಬಹುದು. ಮೊದಲನೆಯದನ್ನು ಪ್ರಾಥಮಿಕವೆಂದೂ ಎರಡನೆಯದನ್ನು ದ್ವಿತೀಯಕವೆಂದೂ ಕರೆಯುವುದು ರೂಢಿ. ಗದ್ದೆ ಒಣಗಿರುವುದನ್ನು ಕಂಡು ತೂಬು ಪೂರ್ತಿಯಾಗಿ ತೆರೆದಿದೆಯೋ ಮುಚ್ಚಿದೆಯೋ ಎಂದು ನೋಡಿದಂತೆ, ವೈದ್ಯರು ರಕ್ತದಲ್ಲಿ ಎಲ್.ಎಚ್. ಪ್ರಮಾಣವನ್ನು ಅಳೆಯುತ್ತಾರೆ. ಟೆಸ್ಟೊಸ್ಟೆರೋನ್ ಇಳಿದು ಎಲ್.ಎಚ್. ಏರಿದ್ದರೆ ದೋಷ ವೃಷಣದ್ದು, ಎಲ್.ಎಚ್. ಕೂಡ ಇಳಿದಿದ್ದರೆ, ಅಥವಾ ಏರಬೇಕಾದಲ್ಲಿ ಏರದಿದ್ದರೆ, ದೋಷ ಮೇಲಿನದು.

ಪ್ರಾಥಮಿಕ ಕೊರತೆಗೆ ಮುಖ್ಯ ನಿದರ್ಶನ ಕ್ಲೈನ್‌ಫೆಲ್ಟರ್ ವ್ಯಾಧಿ. ಇದರ ಲಕ್ಷಣಗಳು ೧೯೪೨ರಲ್ಲಿ ವಿವರಿಸಲ್ಪಟ್ಟವು. ಗಂಡಿನಲ್ಲಿರಬೇಕಾದ ಎಕ್ಸ್ ಮತ್ತು ವೈ ವರ್ಣತಂತುಗಳೊಡನೆ ಇನ್ನೊಂದು ಎಕ್ಸ್ ಹೆಚ್ಚಾಗಿರುವುದೇ ಕಾರಣವೆಂದು ೧೯೫೯ರಲ್ಲಿ ತಿಳಿದುಬಂತು. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು ಐನೂರರಿಂದ ಸಾವಿರಕ್ಕೆ ಒಬ್ಬನಲ್ಲಿ ಇದು ಇರುವುದಾದರೂ ಅನೇಕರಲ್ಲಿ ಜೀವಮಾನವೆಲ್ಲ ಪತ್ತೆಯಾಗದೆಯೇ ಉಳಿಯುವುದು. ಹರೆಯದಲ್ಲಿ ಮಂಗನಬಾವು ವೃಷಣಕ್ಕೆ ತಗಲುವುದು, ಪೆಟ್ಟು, ಕ್ಯಾನ್ಸರಿನ ಔಷಧಿಗಳು, ವಿಕಿರಣ ಇವೂ ವೃಷಣವನ್ನು ಕೆಡಿಸಬಲ್ಲವು.

ದ್ವಿತೀಯಕ ಕೊರತೆಗೆ ಪಿಟ್ಯೂಟರಿಯ ಗಂತಿಗಳು, ಪದೇ ಪದೇ ರಕ್ತ ಪಡೆಯುವವರಲ್ಲಿ ಶೇಖರವಾಗುವ ಕಬ್ಬಿಣ, ಅಫೀಮುಜನ್ಯ ನೋವುನಿವಾರಕಗಳು, ದೀರ್ಘಕಾಲದ ಸ್ಟೀರಾಯ್ಡ್ ಸೇವನೆ ಮುಂತಾದುವು ಕಾರಣ. ಹುಟ್ಟಿನಿಂದಲೇ ವಾಸನೆಯನ್ನರಿಯದ ಹುಡುಗನಿಗೆ ಪ್ರಾಯ ಬರದಿರುವ ಕಾಲ್‌ಮನ್ ವ್ಯಾಧಿಯೂ ಈ ವರ್ಗಕ್ಕೆ ಸೇರಿದುದು. ನಮ್ಮ ಹೊಲಗದ್ದೆಗಳಿಗೆ ಸಂಬಂಧಿಸಿದ ಕಾರಣವೂ ಒಂದುಂಟು: ಕೊಳಕುಮಂಡಲದ ಕಡಿತ. ಈ ಹಾವಿನ ವಿಷದಿಂದ ರಕ್ತದ ಹೆಪ್ಪುಗಟ್ಟುವಿಕೆ ಕೆಟ್ಟು, ಪಿಟ್ಯೂಟರಿಯಲ್ಲಿ ರಕ್ತಸ್ರಾವವಾಗಿ ಗ್ರಂಥಿ ನಾಶವಾಗುವುದುಂಟು. ಬರ್ಮಾದಲ್ಲಿ ಕಂಡ ಇಂಥ ರೋಗಿಗಳ ವಿವರ ೧೯೮೭ರಲ್ಲಿ ಪ್ರಕಟವಾಯಿತು. ದಕ್ಷಿಣ ಭಾರತದಿಂದಲೂ ವರದಿಗಳು ಬಂದಿವೆ. ಕಡಿತದಿಂದ ಬದುಕುಳಿದವನು ವರ್ಷಗಳ ಮೇಲೆ ಸೋತು ಸೊರಗಿ, ಮೈಗೂದಲು ಉದುರಿ, ಕಾಮಾಸಕ್ತಿಯನ್ನು ಕಳೆದುಕೊಂಡು ಬಂದಾಗ ಹಳೆಯ ಹಾವಿನ ಕಥೆಯನ್ನು ಕೇಳುವವರಿಲ್ಲದಿದ್ದರೆ ರೋಗ ಹೊಳೆಯುವುದಿಲ್ಲ. ಇಂಥವನಲ್ಲಿ ಪಿಟ್ಯೂಟರಿಯ ಇತರ ಅಪ್ಪಣೆಗಳೂ ನಿಂತಿರುವುದರಿಂದ, ಪ್ರಾಣಾಧಾರವಾದ ಕಾರ್ಟಿಸಾಲನ್ನು ಮೊದಲು, ಥೈರಾಯ್ಡ್ ಹಾರ್ಮೋನನ್ನು ಅನಂತರ ಒದಗಿಸಿ, ಟೆಸ್ಟೊಸ್ಟೆರೋನಿನ ವಿಚಾರವನ್ನು ಆಮೇಲೆ ನೋಡತಕ್ಕದ್ದು.

ಇವೆರಡಕ್ಕೂ ಸೇರದ ಮೂರನೆಯ ಗುಂಪೊಂದಿದೆ. ಸಂಖ್ಯೆಯಲ್ಲಿ ಅದೇ ದೊಡ್ಡದು. ಬೊಜ್ಜು, ಮಧುಮೇಹ, ನಿದ್ರಾಭಂಗ, ದೀರ್ಘರೋಗ ಇವುಗಳಿಂದ ಟೆಸ್ಟೊಸ್ಟೆರೋನ್ ತಕ್ಕಮಟ್ಟಿಗೆ ಇಳಿಯುವುದು. ಇಲ್ಲಿ ಗ್ರಂಥಿಗಳು ಕೆಟ್ಟಿರುವುದಿಲ್ಲ. ತೂಕ ಇಳಿದಂತೆ, ಮೂಲರೋಗ ಹತೋಟಿಗೆ ಬಂದಂತೆ, ಹಾರ್ಮೋನು ತಾನಾಗಿಯೇ ಏರುವುದುಂಟು. ವಯಸ್ಸಾದಂತೆ ಆಗುವ ಇಳಿತವಾದರೋ ಮಂದಗತಿಯದು. ಸ್ತ್ರೀಯರಲ್ಲಿ ಮುಟ್ಟು ನಿಲ್ಲುವಂತೆ ಪುರುಷರಲ್ಲಿ ಒಂದು ಗೊತ್ತಾದ ಗಡಿಯಿಲ್ಲ. ಯುರೋಪಿನ ಎಂಟು ಕೇಂದ್ರಗಳಲ್ಲಿ ೪೦ರಿಂದ ೭೯ ವರ್ಷ ವಯಸ್ಸಿನ ೩,೩೬೯ ಪುರುಷರನ್ನು ಪರೀಕ್ಷಿಸಿ ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಮಾಸಕ್ತಿ ಕುಂದುವುದು, ಉತ್ಥಾನಶಕ್ತಿ ಕುಂದುವುದು, ಮುಂಜಾನೆಯ ಸಹಜೋತ್ಥಾನ ವಿರಳವಾಗುವುದು ಎಂಬ ಮೂರು ಲಕ್ಷಣಗಳೂ ಹಾರ್ಮೋನಿನ ಇಳಿತವೂ ಒಟ್ಟಿಗೆ ಕಂಡವರು ನೂರಕ್ಕೆ ಸುಮಾರು ಇಬ್ಬರು ಮಾತ್ರ. ದಣಿವು, ಬೇಸರ, ಸಿಡುಕು ಇವನ್ನೇ ಲಕ್ಷಣಗಳೆಂದೆಣಿಸಿದರೆ ನಮ್ಮಲ್ಲಿ ಯಾರು ತಾನೇ ಹೊರಗುಳಿದಾರು?

ನಿರ್ಣಯದ ಕ್ರಮ

ಲಕ್ಷಣವಿಲ್ಲದೆ ಬರಿಯ ಅಂಕಿಯಿಂದಾಗಲಿ, ಅಂಕಿಯಿಲ್ಲದೆ ಬರಿಯ ಲಕ್ಷಣದಿಂದಾಗಲಿ ಈ ರೋಗವನ್ನು ನಿರ್ಣಯಿಸಲಾಗದು. ಅಂಕಿಯನ್ನು ಪಡೆಯುವುದರಲ್ಲಿಯೂ ವಿಧಿಯುಂಟು. ಟೆಸ್ಟೊಸ್ಟೆರೋನ್ ಮುಂಜಾನೆ ಹೆಚ್ಚಾಗಿದ್ದು ಮಧ್ಯಾಹ್ನದ ಹೊತ್ತಿಗೆ ಇಳಿಯುವುದು. ಉಂಡ ಮೇಲೆಯೂ ಇಳಿಯುವುದು. ಜ್ವರ ಮೊದಲಾದ ರೋಗಗಳಲ್ಲಿ ತಾತ್ಕಾಲಿಕವಾಗಿ ಇನ್ನೂ ಇಳಿಯುವುದು. ಆದುದರಿಂದ ಆರೋಗ್ಯವಾಗಿರುವಾಗ, ಬೆಳಗ್ಗೆ ಬರಿಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನಗಳಲ್ಲಿ ರಕ್ತ ತೆಗೆದು ನೋಡಬೇಕು. ಒಂದು ಸಂಜೆಯ ಒಂದು ಪರೀಕ್ಷೆಯ ಮೇಲೆ ಜೀವಮಾನದ ಚಿಕಿತ್ಸೆಯನ್ನು ಕಟ್ಟತಕ್ಕದ್ದಲ್ಲ.

ಬೊಜ್ಜಿಲ್ಲದ ಆರೋಗ್ಯವಂತ ತರುಣರಲ್ಲಿ ಒಟ್ಟು ಟೆಸ್ಟೊಸ್ಟೆರೋನ್ ಡೆಸಿಲೀಟರಿಗೆ ೨೬೪ರಿಂದ ೯೧೬ ನ್ಯಾನೋಗ್ರಾಂ ಎಂದು ೨೦೧೭ರಲ್ಲಿ ಹಲವು ಅಧ್ಯಯನಗಳನ್ನು ಸಮನ್ವಯಗೊಳಿಸಿ ಗೊತ್ತುಮಾಡಿದ್ದಾರೆ. ಅಮೆರಿಕೆಯ ಮೂತ್ರಾಂಗತಜ್ಞರ ಸಂಘ ೨೦೧೮ರಲ್ಲಿ ೩೦೦ನ್ನು ಗಡಿಯಾಗಿ ಇಟ್ಟುಕೊಂಡಿತು. ಈ ಹಾರ್ಮೋನಿನಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಮಾತ್ರ ರಕ್ತದಲ್ಲಿ ಸ್ವತಂತ್ರವಾಗಿದ್ದು ಉಳಿದದ್ದು ಪ್ರೋಟೀನುಗಳಿಗೆ ಅಂಟಿಕೊಂಡಿರುವುದು. ಬೊಜ್ಜಿನಲ್ಲಿ ಈ ವಾಹಕ ಪ್ರೋಟೀನು ಇಳಿಯುವುದರಿಂದ ಒಟ್ಟು ಅಂಕಿ ಕಡಮೆಯಾಗಿ ಕಂಡರೂ ಸ್ವತಂತ್ರಾಂಶ ಸರಿಯಾಗಿರಬಹುದು. ಮುಪ್ಪಿನಲ್ಲಿ ವಾಹಕ ಏರುವುದರಿಂದ ಇದಕ್ಕೆ ವಿಪರೀತವಾಗಬಹುದು. ಗಡಿಯ ಸಮೀಪದ ಅಂಕಿಗಳಲ್ಲಿ ಸ್ವತಂತ್ರಾಂಶವನ್ನೂ ಲೆಕ್ಕಹಾಕಬೇಕಾದುದು ಇದಕ್ಕಾಗಿಯೇ.

ಔಷಧದ ರೂಪಗಳು

ಟೆಸ್ಟೊಸ್ಟೆರೋನನ್ನು ಹಾಗೆಯೇ ನುಂಗಿದರೆ ಕರುಳಿನಿಂದ ಯಕೃತ್ತಿಗೆ ಹೋಗಿ ಅಲ್ಲಿಯೇ ಬಹುಪಾಲು ನಾಶವಾಗುವುದು. ಇದನ್ನು ತಪ್ಪಿಸಲು ಅಣುವಿಗೆ ಮೀಥೈಲ್ ಗುಂಪನ್ನು ಸೇರಿಸಿ ಮಾಡಿದ ಮಾತ್ರೆಗಳು ಯಕೃತ್ತಿಗೇ ಹಾನಿಕರವಾದುದರಿಂದ ಈ ಚಿಕಿತ್ಸೆಗೆ ಅವು ಯೋಗ್ಯವಲ್ಲ. ಕೊಬ್ಬಿನ ಆಹಾರದೊಡನೆ ನುಂಗಿದಾಗ ದುಗ್ಧರಸನಾಳಗಳ ಮೂಲಕ ರಕ್ತವನ್ನು ಸೇರುವ ಅನ್‌ಡೆಕನೋಯೇಟ್ ಎಂಬ ರೂಪ ಈ ದೋಷವಿಲ್ಲದ್ದು.

ಹೆಚ್ಚು ಬಳಕೆಯಲ್ಲಿರುವುದು ಎಣ್ಣೆಯಲ್ಲಿ ಕರಗಿಸಿ ಮಾಂಸಖಂಡಕ್ಕೆ ಚುಚ್ಚುವ ಮದ್ದು. ಎನಾಂಥೇಟ್, ಸಿಪಿಯೋನೇಟ್ ಎಂಬ ಎಸ್ಟರುಗಳನ್ನು ವಾರಕ್ಕೆ ೭೫ರಿಂದ ೧೦೦ ಮಿಲಿಗ್ರಾಮಿನಂತೆ, ಇಲ್ಲವೆ ಎರಡು ವಾರಕ್ಕೆ ೧೫೦ರಿಂದ ೨೦೦ ಮಿಲಿಗ್ರಾಮಿನಂತೆ ಕೊಡುವ ಪದ್ಧತಿಯಿದೆ. ಇವುಗಳಲ್ಲಿ ಚುಚ್ಚಿದ ಕೆಲವು ದಿನ ಪ್ರಮಾಣ ಮಿತಿಮೀರಿ ಏರಿ, ಮುಂದಿನ ಚುಚ್ಚುಮದ್ದಿನ ಹೊತ್ತಿಗೆ ತೀರ ಇಳಿಯುವುದು; ರೋಗಿಯ ಮನಸ್ಸೂ ಅದರೊಡನೆ ಏರಿಳಿಯುವುದುಂಟು. ಅನ್‌ಡೆಕನೋಯೇಟ್ ೧,೦೦೦ ಮಿಲಿಗ್ರಾಮನ್ನು ಮೊದಲೊಮ್ಮೆ, ಆರು ವಾರಗಳ ಮೇಲೆ ಇನ್ನೊಮ್ಮೆ, ಅನಂತರ ೧೦ರಿಂದ ೧೪ ವಾರಗಳಿಗೊಮ್ಮೆ ಚುಚ್ಚಿದರೆ ಏರಿಳಿತ ಕಡಮೆ. ದಿನಂಪ್ರತಿ ಚರ್ಮಕ್ಕೆ ಹಚ್ಚುವ ಲೇಪದಲ್ಲಿ ಪ್ರಮಾಣ ಬಹುಮಟ್ಟಿಗೆ ಸಮವಾಗಿರುವುದು. ಆದರೆ ಲೇಪ ಹಚ್ಚಿದ ಮೈಯನ್ನು ಮಕ್ಕಳೋ ಹೆಂಗಸರೋ ಮುಟ್ಟಿದರೆ ಅದು ಅವರ ಮೈಗೂ ಇಳಿಯುವುದು. ಎಳೆಯ ಮಕ್ಕಳಲ್ಲಿ ಅಕಾಲದಲ್ಲಿ ಪ್ರಾಯದ ಚಿಹ್ನೆಗಳು ಕಂಡ ಪ್ರಸಂಗಗಳ ಮೇಲೆ ೨೦೦೯ರಲ್ಲಿ ಅಮೆರಿಕೆಯ ಔಷಧ ನಿಯಂತ್ರಣಾಧಿಕಾರಿಗಳು ಎಚ್ಚರಿಕೆಯನ್ನು ಕಡ್ಡಾಯ ಮಾಡಿದರು. ಲೇಪ ಆರಿದ ಮೇಲೆ ಬಟ್ಟೆಯಿಂದ ಮುಚ್ಚುವುದು, ಕೈ ತೊಳೆಯುವುದು ಚಿಕಿತ್ಸೆಯ ಅಂಗವೇ ಆಗಿದೆ.

ಸಂತಾನಾಪೇಕ್ಷೆಯ ಪ್ರಶ್ನೆ

ಈಗ ನಾವು ಮೊದಲು ಹೇಳಿದ ಮಾತಿಗೆ ಹಿಂದಿರುಗಬೇಕು. ಇಪ್ಪತ್ತೆಂಟು ವರ್ಷದ ನವವಿವಾಹಿತನೊಬ್ಬನನ್ನು ಊಹಿಸಿಕೊಳ್ಳೋಣ. ಕೆಲಸದ ಒತ್ತಡ, ನಿದ್ದೆಯ ಅಭಾವ, ಹೆಚ್ಚಿದ ತೂಕ. ಒಂದು ಸಂಜೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಅಂಕಿ ತುಸು ಕಡಮೆ. ಅವನಿಗೆ ಚುಚ್ಚುಮದ್ದು ಆರಂಭವಾಗುವುದು. ಉತ್ಸಾಹ ಹೆಚ್ಚಿತೆಂದು ಅವನಿಗೆ ತೋರುವುದು. ಎರಡು ವರ್ಷ ಕಳೆದರೂ ಮಗುವಾಗುವುದಿಲ್ಲ. ನಮ್ಮ ಸಮಾಜದ ರೀತಿಯಂತೆ ಮೊದಲು ಪರೀಕ್ಷೆಗೂ ಹರಕೆಗೂ ಗುರಿಯಾಗುವವಳು ಹೆಂಡತಿ. ಗಂಡನ ವೀರ್ಯದಲ್ಲಿ ಒಂದು ವೀರ್ಯಾಣುವೂ ಇಲ್ಲವೆಂಬುದು ಗೊತ್ತಾಗುವುದು ಕಡೆಗೆ. ಗಂಡುತನವನ್ನು ಹೆಚ್ಚಿಸುವುದೆಂದು ತೆಗೆದುಕೊಂಡ ಮದ್ದೇ ತಂದೆತನಕ್ಕೆ ಅಡ್ಡವಾಯಿತೆಂಬುದನ್ನು ಅವನು ನಂಬುವುದೇ ಕಷ್ಟ.

ಇದು ಬರಿಯ ಊಹೆಯ ಹೆದರಿಕೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಇದೇ ಗುಣವನ್ನು ಗರ್ಭನಿರೋಧಕ್ಕೆ ಬಳಸಬಹುದೇ ಎಂದು ಪರೀಕ್ಷಿಸಿತು. ೧೯೯೦ರಲ್ಲಿ ಪ್ರಕಟವಾದ ಅದರ ವರದಿಯಂತೆ, ಏಳು ದೇಶಗಳ ೨೭೧ ಆರೋಗ್ಯವಂತ ಪುರುಷರಿಗೆ ವಾರಕ್ಕೆ ೨೦೦ ಮಿಲಿಗ್ರಾಂ ಟೆಸ್ಟೊಸ್ಟೆರೋನ್ ಎನಾಂಥೇಟ್ ಕೊಡಲಾಯಿತು. ೧೫೭ ಮಂದಿಯಲ್ಲಿ ವೀರ್ಯಾಣುಗಳು ಸಂಪೂರ್ಣವಾಗಿ ಇಲ್ಲವಾದುವು; ಬೇರಾವ ಗರ್ಭನಿರೋಧಕವನ್ನೂ ಬಳಸದೆ ಅವರು ಒಂದು ವರ್ಷದವರೆಗೆ ಸಂಸಾರ ನಡೆಸುವ ಪರೀಕ್ಷೆಗೊಳಪಟ್ಟಾಗ ಒಟ್ಟು ಆದ ಗರ್ಭಧಾರಣೆ ಒಂದೇ ಒಂದು. ಒಂದು ಕಡೆ ಗರ್ಭನಿರೋಧಕವಾಗಿ ಪರೀಕ್ಷಿಸಲ್ಪಟ್ಟ ದ್ರವ್ಯವನ್ನು ಇನ್ನೊಂದು ಕಡೆ ಸಂತಾನ ಬಯಸುವವನಿಗೆ ಶಕ್ತಿವರ್ಧಕವೆಂದು ಕೊಡುವುದು ಎಷ್ಟು ಅಸಂಗತ!

ಮದ್ದನ್ನು ನಿಲ್ಲಿಸಿದರೆ ಹಿಂದಿನ ಸ್ಥಿತಿ ಬರುವುದೇ? ಬಹುಮಟ್ಟಿಗೆ ಬರುವುದು, ಆದರೆ ಕಾಲ ಹಿಡಿಯುವುದು. ಇಂಥ ಗರ್ಭನಿರೋಧ ಪ್ರಯೋಗಗಳಲ್ಲಿ ಪಾಲ್ಗೊಂಡ ೧,೫೪೯ ಪುರುಷರ ವಿವರಗಳನ್ನು ಒಟ್ಟುಗೂಡಿಸಿ ೨೦೦೬ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ವೀರ್ಯಾಣುಗಳ ಸಂಖ್ಯೆ ಮಿಲಿಲೀಟರಿಗೆ ಎರಡು ಕೋಟಿಯ ಮಟ್ಟಕ್ಕೆ ಮರಳುವ ಸಂಭವ ಆರು ತಿಂಗಳಲ್ಲಿ ನೂರಕ್ಕೆ ೬೭, ಒಂದು ವರ್ಷದಲ್ಲಿ ೯೦, ಎರಡು ವರ್ಷಗಳಲ್ಲಿ ೧೦೦. ಇವರೆಲ್ಲರೂ ಮೊದಲು ಆರೋಗ್ಯವಂತರಾಗಿದ್ದು ನಿಯಮಿತ ಕಾಲ ಮಾತ್ರ ಮದ್ದು ತೆಗೆದುಕೊಂಡವರೆಂಬುದನ್ನು ನೆನಪಿಡಬೇಕು. ವರ್ಷಗಟ್ಟಲೆ ತೆಗೆದುಕೊಂಡವರಿಗೂ, ಅಂಗಸಾಧನೆಯ ಶಾಲೆಗಳಲ್ಲಿ ಕೈಗೆ ಬಂದಷ್ಟು ಚುಚ್ಚಿಕೊಂಡವರಿಗೂ, ಮೊದಲೇ ವೃಷಣದೌರ್ಬಲ್ಯವಿದ್ದವರಿಗೂ ಇದೇ ಭರವಸೆಯನ್ನು ಕೊಡಲಾಗದು.

ಹಾಗಾದರೆ ನಿಜವಾದ ಕೊರತೆಯಿದ್ದು ಸಂತಾನವನ್ನೂ ಬಯಸುವವನಿಗೆ ಮಾರ್ಗವಿಲ್ಲವೇ? ದೋಷ ಮೇಲಿನದಾಗಿದ್ದರೆ ಇದೆ. ಬಾವಿಯ ನೀರನ್ನು ಹಾಯಿಸುವ ಬದಲು ತೂಬನ್ನೇ ಎತ್ತುವ ಚಿಕಿತ್ಸೆ ಅದು. ಎಲ್.ಎಚ್. ಮಾಡುವ ಕೆಲಸವನ್ನೇ ಮಾಡಬಲ್ಲ ಎಚ್.ಸಿ.ಜಿ. ಎಂಬ ಹಾರ್ಮೋನನ್ನು ವಾರಕ್ಕೆ ಎರಡು ಮೂರು ಸಲ ಚುಚ್ಚಿ, ಬೇಕಾದರೆ ಕೆಲವು ತಿಂಗಳುಗಳ ಮೇಲೆ ಎಫ್.ಎಸ್.ಎಚ್. ಅನ್ನೂ ಕೂಡಿಸಿದರೆ, ವೃಷಣ ತಾನೇ ಹಾರ್ಮೋನನ್ನು ತಯಾರಿಸುವುದು, ವೀರ್ಯಾಣುಗಳೂ ಹುಟ್ಟುವುವು. ಕಾಲ್‌ಮನ್ ವ್ಯಾಧಿಯವರೂ ಈ ಕ್ರಮದಿಂದ ತಂದೆಯರಾಗಿದ್ದಾರೆ. ಪ್ರಾಥಮಿಕ ಕೊರತೆಯಲ್ಲಿ ಈ ಮಾರ್ಗ ಫಲಿಸದು. ಅಲ್ಲಿ ಚಿಕಿತ್ಸೆಗೆ ಮೊದಲೇ ವೃಷಣದಿಂದ ವೀರ್ಯಾಣುಗಳನ್ನು ಹುಡುಕಿ ತೆಗೆಯುವ, ಇದ್ದಷ್ಟನ್ನು ಶೈತ್ಯದಲ್ಲಿ ಕಾಪಿಡುವ ವಿಚಾರವನ್ನು ತಜ್ಞರೊಡನೆ ಚರ್ಚಿಸಬೇಕು. ಎರಡು ಸಂದರ್ಭಗಳಲ್ಲಿಯೂ ಮೊದಲ ಸೂಜಿಗೆ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ನಿಮಗೆ ಇನ್ನು ಮಕ್ಕಳು ಬೇಕೇ?

ಫಲಾಫಲಗಳು

ನಿಜವಾದ ಗ್ರಂಥಿದೋಷವುಳ್ಳವರಲ್ಲಿ ಈ ಚಿಕಿತ್ಸೆಯ ಫಲ ನಿರ್ವಿವಾದ. ಪ್ರಾಯ ಬರದ ಹುಡುಗನಿಗೆ ಪ್ರಾಯ ಬರುವುದು, ಧ್ವನಿ ಒಡೆಯುವುದು, ಮೂಳೆ ಗಟ್ಟಿಯಾಗುವುದು, ರಕ್ತಹೀನತೆ ನೀಗುವುದು. ವಿವಾದವಿರುವುದು ವಯಸ್ಸಿನಿಂದ ಹಾರ್ಮೋನು ತುಸು ಇಳಿದವರ ವಿಷಯದಲ್ಲಿ. ಅಮೆರಿಕೆಯಲ್ಲಿ ೬೫ ದಾಟಿದ, ಹಾರ್ಮೋನು ೨೭೫ಕ್ಕಿಂತ ಕಡಮೆಯಿದ್ದ ೭೯೦ ಪುರುಷರಲ್ಲಿ ಅರ್ಧದಷ್ಟು ಮಂದಿಗೆ ಲೇಪವನ್ನೂ ಉಳಿದವರಿಗೆ ಹುಸಿಲೇಪವನ್ನೂ ಒಂದು ವರ್ಷ ಕೊಟ್ಟು ನೋಡಿದರು. ೨೦೧೬ರಲ್ಲಿ ಪ್ರಕಟವಾದ ಫಲಿತಾಂಶದಂತೆ ಕಾಮಾಸಕ್ತಿ ಮತ್ತು ಉತ್ಥಾನಶಕ್ತಿ ಮಿತವಾಗಿ ಸುಧಾರಿಸಿದುವು. ದಣಿವಿನ ಮಾಪನದಲ್ಲಿ ಖಚಿತವಾದ ಲಾಭ ಕಾಣಲಿಲ್ಲ. ಬ್ರೌನ್-ಸೇಕಾರನ ಕಥೆ ಇಲ್ಲಿ ನೆನಪಾಗದಿರದು. ೨೦೨೦ರಲ್ಲಿ ಅಮೆರಿಕೆಯ ವೈದ್ಯರ ಪರಿಷತ್ತು, ವಯಸ್ಸಿನ ಕೊರತೆಯಲ್ಲಿ ಲೈಂಗಿಕ ತೊಂದರೆಗಾಗಿ ಈ ಚಿಕಿತ್ಸೆಯನ್ನು ವಿಚಾರಿಸಬಹುದೆಂದೂ, ಉತ್ಸಾಹ, ದೇಹಬಲ, ಜ್ಞಾಪಕಶಕ್ತಿಗಳಿಗಾಗಿ ಕೊಡಬಾರದೆಂದೂ, ಒಂದು ವರ್ಷದೊಳಗೆ ಲಾಭ ಕಾಣದಿದ್ದರೆ ನಿಲ್ಲಿಸಬೇಕೆಂದೂ ಸಲಹೆ ಮಾಡಿತು.

ಹೃದಯದ ವಿಷಯವಾಗಿ ಬಹುಕಾಲ ಸಂದೇಹವಿತ್ತು. ಹೃದ್ರೋಗವುಳ್ಳ ಅಥವಾ ಅದರ ಸಂಭವ ಹೆಚ್ಚಾಗಿರುವ, ೪೫ರಿಂದ ೮೦ ವರ್ಷದ ಐದು ಸಾವಿರದ ಇನ್ನೂರಕ್ಕೂ ಹೆಚ್ಚು ಪುರುಷರ ಮೇಲೆ ನಡೆದು ೨೦೨೩ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದ್ರೋಗದ ಮರಣಗಳು ಲೇಪ ಪಡೆದವರಲ್ಲಿ ನೂರಕ್ಕೆ ೭.೦, ಹುಸಿಲೇಪದವರಲ್ಲಿ ೭.೩. ಈ ಭಯ ಇಷ್ಟುಮಟ್ಟಿಗೆ ನಿವಾರಣೆಯಾಯಿತು. ಆದರೆ ಹೃದಯದ ಅನಿಯತ ಮಿಡಿತ, ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು, ಮೂತ್ರಪಿಂಡದ ಹಠಾತ್ ಹಾನಿ ಇವು ಲೇಪದವರಲ್ಲಿ ತುಸು ಹೆಚ್ಚಾಗಿದ್ದುವು. ಎಲ್ಲಕ್ಕಿಂತ ಆಶ್ಚರ್ಯದ ಸಂಗತಿ ೨೦೨೪ರಲ್ಲಿ ಹೊರಬಂತು: ಮೂಳೆಯ ಸಾಂದ್ರತೆಯನ್ನು ಹೆಚ್ಚಿಸುವ ಈ ಹಾರ್ಮೋನನ್ನು ಪಡೆದವರಲ್ಲಿ ಮೂಳೆ ಮುರಿತ ನೂರಕ್ಕೆ ೩.೫, ಪಡೆಯದವರಲ್ಲಿ ೨.೫ರಷ್ಟು. ಮೂಳೆಯ ಅಂಕಿ ಸುಧಾರಿಸಿದ ಮಾತ್ರಕ್ಕೆ ಮನುಷ್ಯ ಸುರಕ್ಷಿತನಾದನೆಂದು ಹೇಳಲಾಗದೆಂಬುದಕ್ಕೆ ಇದು ಪಾಠ.

ಮೇಲ್ವಿಚಾರಣೆ

ಪ್ರಾಸ್ಟೇಟ್ ಅಥವಾ ಸ್ತನದ ಕ್ಯಾನ್ಸರ್ ಇರುವವರು, ರಕ್ತ ಮೊದಲೇ ಗಟ್ಟಿಯಾಗಿರುವವರು, ಹಿಂದಿನ ಆರು ತಿಂಗಳಲ್ಲಿ ಹೃದಯಾಘಾತವೋ ಪಾರ್ಶ್ವವಾಯುವೋ ಆದವರು, ಹತೋಟಿಗೆ ಬಾರದ ಹೃದಯವೈಫಲ್ಯವುಳ್ಳವರು, ನಿದ್ರೆಯಲ್ಲಿ ಉಸಿರು ಕಟ್ಟುವ ತೀವ್ರವ್ಯಾಧಿಗೆ ಚಿಕಿತ್ಸೆ ಪಡೆಯದವರು ಈ ಚಿಕಿತ್ಸೆಗೆ ಅರ್ಹರಲ್ಲ. ಉಳಿದವರಲ್ಲಿ ಆರಂಭಿಸಿದ ಮೇಲೆ ಮೂರರಿಂದ ಆರು ತಿಂಗಳೊಳಗೆ ಒಮ್ಮೆ, ಒಂದು ವರ್ಷಕ್ಕೆ ಇನ್ನೊಮ್ಮೆ, ಬಳಿಕ ವರ್ಷಂಪ್ರತಿ ಪರೀಕ್ಷೆ ನಡೆಯಬೇಕು. ನೋಡತಕ್ಕದ್ದು ಮುಖ್ಯವಾಗಿ ನಾಲ್ಕು.

ಮೊದಲನೆಯದು ಲಕ್ಷಣಗಳು: ಯಾವುದಕ್ಕಾಗಿ ಆರಂಭಿಸಿತೋ ಅದು ಸುಧಾರಿಸಿದೆಯೇ? ಎರಡನೆಯದು ಹಾರ್ಮೋನಿನ ಪ್ರಮಾಣ. ಅದು ತರುಣರ ಸಹಜಮಿತಿಯ ನಡುಭಾಗದಲ್ಲಿರಬೇಕು. ಎನಾಂಥೇಟ್ ಪಡೆಯುವವನಲ್ಲಿ ಎರಡು ಚುಚ್ಚುಮದ್ದುಗಳ ನಡುವೆ, ಅನ್‌ಡೆಕನೋಯೇಟ್ ಸೂಜಿಮದ್ದು ಪಡೆಯುವವನಲ್ಲಿ ಮುಂದಿನ ಸೂಜಿಗೆ ತುಸು ಮುಂಚೆ, ಲೇಪದವನಲ್ಲಿ ಹಚ್ಚಿದ ಎರಡರಿಂದ ಎಂಟು ಗಂಟೆಗಳೊಳಗೆ ರಕ್ತ ತೆಗೆಯಬೇಕು. ಹೊತ್ತು ತಪ್ಪಿದರೆ ಅಂಕಿಗೆ ಅರ್ಥವಿಲ್ಲ.

ಮೂರನೆಯದು ರಕ್ತದಲ್ಲಿ ಕೆಂಪುಕಣಗಳ ಪಾಲು, ಎಂದರೆ ಹಿಮ್ಯಾಟೊಕ್ರಿಟ್. ಟೆಸ್ಟೊಸ್ಟೆರೋನ್ ಕೆಂಪುಕಣಗಳ ಉತ್ಪತ್ತಿಯನ್ನು ಹೆಚ್ಚಿಸುವುದರಿಂದ ರಕ್ತ ಮಂದವಾಗಿ ಹೆಪ್ಪುಗಟ್ಟುವ ಅಪಾಯವುಂಟು. ಈ ಪಾಲು ನೂರಕ್ಕೆ ೫೪ನ್ನು ಮೀರಿದರೆ ಮದ್ದನ್ನು ನಿಲ್ಲಿಸಿ, ಅದು ಇಳಿದ ಮೇಲೆ ಕಡಮೆ ಪ್ರಮಾಣದಲ್ಲಿ ಪುನಃ ಆರಂಭಿಸತಕ್ಕದ್ದು. ಇದು ಅಪರೂಪದ ತೊಂದರೆಯಲ್ಲ. ಆಸ್ಟ್ರೇಲಿಯದಲ್ಲಿ ೧,೦೦೭ ಪುರುಷರ ಮೇಲೆ ನಡೆದು ೨೦೨೧ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅನ್‌ಡೆಕನೋಯೇಟ್ ಪಡೆದವರ ಪೈಕಿ ನೂರಕ್ಕೆ ಇಪ್ಪತ್ತೆರಡು ಮಂದಿ ಈ ಗಡಿಯನ್ನು ಮುಟ್ಟಿದರು. ಹುಸಿಮದ್ದಿನವರಲ್ಲಿ ಒಬ್ಬರು ಮಾತ್ರ.

ನಾಲ್ಕನೆಯದು ಪ್ರಾಸ್ಟೇಟ್ ಗ್ರಂಥಿ. ಹಾರ್ಮೋನನ್ನು ತಗ್ಗಿಸಿದರೆ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುವುದೆಂದು ೧೯೪೧ರಲ್ಲಿ ತೋರಿಸಿಕೊಟ್ಟ ಹಗಿನ್ಸ್ ೧೯೬೬ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಹಾರ್ಮೋನನ್ನು ಸಹಜಮಿತಿಗೆ ಏರಿಸುವುದರಿಂದ ಹೊಸ ಕ್ಯಾನ್ಸರ್ ಹುಟ್ಟುವುದೆಂಬುದಕ್ಕೆ ಆಧಾರ ದೊರೆತಿಲ್ಲವಾದರೂ, ಅಡಗಿರುವುದನ್ನು ಕಾಣದೆ ಬಿಡಬಾರದು. ಆದುದರಿಂದ ನಡುವಯಸ್ಸು ದಾಟಿದವರಲ್ಲಿ ಪಿ.ಎಸ್.ಎ. ಎಂಬ ರಕ್ತಪರೀಕ್ಷೆಯ ಪ್ರಯೋಜನ ದೋಷಗಳನ್ನು ತಿಳಿಸಿ, ಅವರು ಒಪ್ಪಿದರೆ ಅದನ್ನು ಮೊದಲಲ್ಲಿಯೂ ಮೊದಲ ವರ್ಷದಲ್ಲಿಯೂ ಮಾಡಬೇಕು. ವರ್ಷದೊಳಗೆ ಅದು ಮಿಲಿಲೀಟರಿಗೆ ೧.೪ ನ್ಯಾನೋಗ್ರಾಮಿಗಿಂತ ಹೆಚ್ಚಾಗಿ ಏರಿದರೆ ಮೂತ್ರಾಂಗತಜ್ಞರಿಗೆ ಒಪ್ಪಿಸಬೇಕು.

ಉಪಸಂಹಾರ

ಮೇಲಿನ ವಿವರಗಳಿಂದ ಈ ಚಿಕಿತ್ಸೆ ಕೆಟ್ಟದ್ದೆಂಬ ಅಭಿಪ್ರಾಯವನ್ನು ವಾಚಕರು ತಾಳಬಾರದು. ಕ್ಲೈನ್‌ಫೆಲ್ಟರ್ ವ್ಯಾಧಿಯ ತರುಣನಿಗೂ, ಪಿಟ್ಯೂಟರಿಯನ್ನು ಕಳೆದುಕೊಂಡ ರೈತನಿಗೂ ಇದು ಜೀವನವನ್ನು ಮರಳಿಕೊಡತಕ್ಕ ಮದ್ದು. ಲಜ್ಜೆಯಿಂದಲೋ ಅಜ್ಞಾನದಿಂದಲೋ ಅವರು ಇದರಿಂದ ವಂಚಿತರಾಗುತ್ತಿರುವುದೂ ವ್ಯಸನದ ಸಂಗತಿಯೇ. ನಾವು ಹೇಳುವುದಿಷ್ಟು: ಕೊರತೆ ನಿಜವೆಂದು ಎರಡು ಮುಂಜಾನೆಗಳು ಸಾಕ್ಷಿ ನುಡಿಯಬೇಕು, ಕೊರತೆ ಎಲ್ಲಿಯದೆಂದು ತಿಳಿಯಬೇಕು, ಸಂತಾನದ ಪ್ರಶ್ನೆಯನ್ನು ಮೊದಲೇ ಕೇಳಬೇಕು, ಆರಂಭಿಸಿದ ಮೇಲೆ ಕಣ್ಣಿಟ್ಟಿರಬೇಕು. ವೈದ್ಯರ ಬರಹವಿಲ್ಲದೆ ಮಾರತಕ್ಕದ್ದಲ್ಲದ ಈ ಮದ್ದು ಕೈಯಿಂದ ಕೈಗೆ ದಾಟಿ ನಮ್ಮ ವಿದ್ಯಾರ್ಥಿಗಳನ್ನೂ ತಲುಪುವ ಸಂಭವವಿರುವುದರಿಂದ, ಶರೀರವಿಜ್ಞಾನವನ್ನು ಬೋಧಿಸುವ ಉಪಾಧ್ಯಾಯರು ಪ್ರತಿನಿಯಂತ್ರಣದ ಪಾಠವನ್ನು ಹೇಳುವಾಗ ಈ ಉದಾಹರಣೆಯನ್ನೇ ತೆಗೆದುಕೊಳ್ಳುವುದು ಲೇಸು. ಗ್ರಂಥಿಗಳ ಹೆಸರುಗಳು ಪರೀಕ್ಷೆ ಮುಗಿದ ಮೇಲೆ ಮರೆತುಹೋಗಬಹುದು. ಗದ್ದೆ ತುಂಬಿದ್ದನ್ನು ಕಂಡು ನೀರಗಂಟಿ ತೂಬನ್ನು ಮುಚ್ಚುವನೆಂಬುದು ನೆನಪಿನಲ್ಲಿ ಉಳಿದರೆ, ಒಬ್ಬ ತರುಣನಾದರೂ ಸೂಜಿಗೆ ತೋಳು ನೀಡುವ ಮುನ್ನ ಒಂದು ಪ್ರಶ್ನೆ ಕೇಳಿಯಾನು.